ಹುಳಾಂತಕದ ಪದ

ಮೈಕಿನಲ್ಲಿ ಪದ ಹೇಳಿದ ತಪ್ಪಿಗೆ ಒಬ್ಬನ ಹಲ್ಲು ಉದುರಿಸಿದ್ದನ್ನು ನಾನು ಕಣ್ಣಾರೆ ಕಂಡವನು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ನನ್ನ ಹೆಸರು ಮರಿಸ್ವಾಮಿ. ತೊಂಬತ್ನಾಲ್ಕರಲ್ಲಿ ಕೆ.ಆರ್. ಪೇಟೆಯಲ್ಲಿ ನೆತ್ತಿಗೆ ಹಾರ್ನು ಕಟ್ಟಿದ ಪ್ರಚಾರದ ಜೀಪು ಓಡಿಸುತ್ತಿದ್ದೆ. ಪಕ್ಕದ ಸೀಟಿನಲ್ಲಿ ಮೈಕು ಹಿಡಿದು ಕೂರುತ್ತಿದ್ದವನು ಕೃಷ್ಣಮೂರ್ತಿ, ಅಕ್ಕಸಾಲಿಗರ ಮಗ. "ಊದುಕೊಳವೆಗೆ ಬೇಕಾದ ಉಸಿರನ್ನೆಲ್ಲ ಆರ್ನಿಗೆ ಸುರೀತಾವ್ನೆ" ಎಂದು ಅವರಪ್ಪ ಬೈಯುತ್ತಿದ್ದರು. ಬೈಗುಳದಲ್ಲಿ ಹೆಮ್ಮೆಯೂ ಇತ್ತು ಬಿಡಿ.

ಆಗ ರೇಡಿಯೋದಲ್ಲಿ ಸೋಪಿನ ಪದ, ಗೋಡೆಯ ಮೇಲೆ ಬೀಡಿಯ ಪದ, ಟೆಂಟಿನಲ್ಲಿ ಹಲ್ಲುಪುಡಿಯ ಪದ. ಜನಕ್ಕೆ ದೇವರ ನಾಮ ಮರೆತರೂ ಇವು ಮರೆಯುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಇವೆಲ್ಲವನ್ನೂ ಹಿಂದೆ ಹಾಕಿದ್ದು ಕೃಷ್ಣಮೂರ್ತಿ ಕಟ್ಟಿದ ಹುಳದೌಷಧಿಯ ಪದ:

"ಕಬ್ಬಿಗೂ ಹುಳಾಂತಕ, ಭತ್ತಕ್ಕೂ ಹುಳಾಂತಕ,
ಒಂದೇ ಒಂದು ಮುಚ್ಚಳ, ಹುಳದ ವಂಶ ನಿರ್ವಂಶ!"

ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಇದನ್ನು ಹಾಡದ ಬಾಯಿಲ್ಲ. ಸೊಸೆಯರು ಅತ್ತೆಯ ಬೆನ್ನ ಹಿಂದೆ ಹಾಡಿ ಕಿಸಕ್ಕೆನ್ನುತ್ತಿದ್ದರು. ಇಸ್ಪೀಟಾಟದಲ್ಲಿ ಗೆದ್ದವನು ಸೋತವನ ಮುಖಕ್ಕೆ ಹಾಡುತ್ತಿದ್ದ. ಔಷಧಿ ಕೊಳ್ಳದವರೂ ಪದ ಕೊಂಡುಕೊಂಡಿದ್ದರು.

ನಮ್ಮ ಕಸುಬಿಗೊಂದು ಕಟ್ಟಳೆ ಇತ್ತು. ಸಾವಾದ ಮನೆಯ ಮುಂದೆ ಬೆಂಕಿ ಹಾಕಿರುತ್ತಾರೆ. ಬೀದಿಯಲ್ಲಿ ಹೊಗೆ ಕಂಡರೆ ಮೈಕು ಆರಿಸಿ, ತಲೆ ತಗ್ಗಿಸಿಕೊಂಡು ದಾಟಬೇಕು. ಕೃಷ್ಣಮೂರ್ತಿ ಒಂದು ದಿನವೂ ಅದನ್ನು ಮೀರಿದವನಲ್ಲ. ಆದರೆ ಅವತ್ತು ನಾವು ಹೋಗಿದ್ದು ಪಾಂಡವಪುರದಾಚೆಯ ಒಂದು ಕೊಪ್ಪಲಿಗೆ, ಅದೂ ಆಲೆಮನೆಯ ಕಾಲದಲ್ಲಿ. ಬೆಲ್ಲ ಕಾಯಿಸುವ ಹೊಗೆ ಊರ ತುಂಬ ಕವಿದಿತ್ತು. ಯಾವುದು ಒಲೆಯ ಹೊಗೆ, ಯಾವುದು ಸಾವಿನ ಹೊಗೆ ಅಂತ ಹೇಗೆ ಹೇಳುವುದು? ತಮಟೆಯ ಸದ್ದೂ ಇರಲಿಲ್ಲ. ಕೃಷ್ಣಮೂರ್ತಿ ಗಂಟಲು ಬಿಚ್ಚಿ ಹಾಡಿದ. "ಹುಳದ ವಂಶ ನಿರ್ವಂಶ" ಅನ್ನುವಷ್ಟರಲ್ಲಿ ಜೀಪು ಶಿವಲಿಂಗಯ್ಯ ಎಂಬುವನ ಮನೆಯ ಮುಂದೆ ಬಂದಿತ್ತು.

ಜಗಲಿಯ ಮೇಲೆ ಅವನ ಸೊಸೆ ಹೇಮಶ್ರೀಯ ಹೆಣ ಮಲಗಿಸಿದ್ದರು. ಹುಳಾಂತಕ ಕುಡಿದು ಸತ್ತಳು ಎಂದು ಊರಿಗೆಲ್ಲ ಹೇಳಿದ್ದರಂತೆ. ಅಷ್ಟರಲ್ಲಿ ಅವಳ ಗಂಡ ಚಲುವರಾಜು ಓಡಿ ಬಂದು ಕೃಷ್ಣಮೂರ್ತಿಯ ಜುಟ್ಟು ಹಿಡಿದು ಬೀದಿಗೆ ಎಳೆದಿದ್ದ.

"ನೀನೇ ಕಣ್ಲಾ ಕೊಂದೋನು! ನಿನ್ನ ಪದ ಕೇಳಿ ಕೇಳೇ ಇವ್ಳು ಕುಡುದ್ಲು!"

ಆ ಮಾತು ಒಣಹುಲ್ಲಿಗೆ ಕಿಡಿ ಬಿದ್ದಂತಾಯಿತು. ಜಗಲಿಯ ಮೇಲಿದ್ದವರೆಲ್ಲ ಇಳಿದು ಬಂದರು. ನಾಲ್ಕು ಜನ ಅವನ ಕೈಕಾಲು ಅಮುಕಿ ಜೀಪಿನ ಮೂತಿಗೆ ಒರಗಿಸಿದರು. ಚಲುವರಾಜು ಮೈಕು ಕಿತ್ತುಕೊಂಡು, "ಆಡ್ಲಾ, ಈಗ ಆಡು!" ಎಂದು ಅದನ್ನೇ ಅವನ ಬಾಯಿಗೆ ಗುದ್ದಿದ. ಒಂದಲ್ಲ, ಎರಡಲ್ಲ. ಮೈಕು ಇನ್ನೂ ಆರಿರಲಿಲ್ಲ. ಪ್ರತಿ ಗುದ್ದೂ, ಹಲ್ಲು ಮುರಿದ ಸದ್ದೂ, ರಕ್ತ ತುಂಬಿದ ಗಂಟಲಿನ ಗೊರಗೊರವೂ ಹಾರ್ನಿನಲ್ಲಿ ಊರಿಗೆಲ್ಲ ಕೇಳಿಸಿದವು. ಅದನ್ನು ಕೇಳಿ ಆಲೆಮನೆಯಿಂದಲೂ ಜನ ಬಂದರು. ಬಂದವರು ಯಾಕೆ ಏನು ಅಂತ ಕೇಳಲಿಲ್ಲ, ಸಿಕ್ಕಿದ ಕಡೆ ಒದ್ದರು. ಊರಿನವರಿಗೆ ಪರಸ್ಥಳದವನೊಬ್ಬ ಸಿಕ್ಕಿದರೆ ಹಬ್ಬ! ನಾನು ಅಡ್ಡ ಹೋದೆ. ಗುದ್ದಲಿ ಕಾವಿನಿಂದ ಮೊಣಕಾಲಿಗೆ ಬಿತ್ತು, ಅಲ್ಲೇ ಕುಸಿದೆ. ಕೃಷ್ಣಮೂರ್ತಿ ಅಳಲಿಲ್ಲ. "ನಾನೇನ್ ಮಾಡ್ದೆ" ಎಂದು ಮಾತ್ರ ಅನ್ನುತ್ತಿದ್ದ. ಆಮೇಲೆ ಅದೂ ನಿಂತಿತು. ಸತ್ತೇ ಹೋದ ಅಂದುಕೊಂಡೆ.

ಅಷ್ಟು ಹೊತ್ತಿಗೆ ಡೈರಿಯ ಹಾಲಿನ ವ್ಯಾನೊಂದು ಬೀದಿಯ ತುದಿಯಲ್ಲಿ ನಿಂತಿತು. ಅದರಿಂದ ಇಳಿದವಳು ಸತ್ತವಳ ತಾಯಿ ಬೈರಮ್ಮ. ನಾಗಮಂಗಲದ ಕಡೆಯವಳು. ಬೀಗರು ಹೇಳಿ ಕಳಿಸಿರಲಿಲ್ಲವಂತೆ. ವ್ಯಾನಿನ ಹುಡುಗನೇ ಸುದ್ದಿ ಮುಟ್ಟಿಸಿ ಹತ್ತಿಸಿಕೊಂಡು ಬಂದಿದ್ದ. ಅವಳು ಇಳಿದವಳೇ ಮನೆಯ ಪಕ್ಕದಲ್ಲಿದ್ದ ಟ್ರಾಕ್ಟರನ್ನು ನೋಡಿದಳು. ಟ್ರೈಲರಿನ ತುಂಬ ಸೌದೆ. ಹುಡುಗನಿಗೆ ಏನೋ ಹೇಳಿದಳು. ವ್ಯಾನು ತಿರುಗಿಕೊಂಡು ಪಾಂಡವಪುರದ ಕಡೆಗೆ ಹೋಯಿತು.

ಅವಳು ಬಂದಂತೆ ಜನ ದಾರಿ ಬಿಟ್ಟರು. ಚಲುವರಾಜು ರಕ್ತದ ಕೈಯಲ್ಲೇ ಕೃಷ್ಣಮೂರ್ತಿಯನ್ನು ತೋರಿಸಿ, "ಅತ್ತೆ, ಇವ್ನೇ! ಇವ್ನ ಪದವೇ ನಮ್ಮನೆ ಆಳು ಮಾಡ್ತು" ಎಂದು ಗೊಳೋ ಎಂದ.

ಬೈರಮ್ಮ ಅವನ ಕಡೆ ನೋಡಲಿಲ್ಲ. "ಬೀಗ್ರೇ," ಎಂದಳು ಶಿವಲಿಂಗಯ್ಯನಿಗೆ, "ನಮ್ಮೋರಲ್ಲಿ ಮಣ್ಣು ಮಾಡೋದು. ಇವತ್ತು ಸೌದೆ ಯಾಕೆ ತುಂಬಿದ್ದೀರಿ?"

ಶಿವಲಿಂಗಯ್ಯ ತಡವರಿಸಿದ. "ವಿಸ ಕುಡ್ದೋಳು ಕಣಮ್ಮ... ಒಲದಲ್ಲಿ ಊಳ್ಬಾರ್ದು ಅಂದ್ರು."

"ಯಾರಂದ್ರು?"

 ಅವಳು ಜಗಲಿ ಹತ್ತಿ ಮಗಳ ಮುಖದ ಬಟ್ಟೆ ಸರಿಸಿದಳು. ನಾನು ಬಿದ್ದಲ್ಲಿಂದಲೇ ಕಂಡೆ. ತುಟಿ ಹರಿದಿತ್ತು. ಮುಂದಿನ ಹಲ್ಲೊಂದು ಮುರಿದಿತ್ತು. ಕೊರಳ ಎರಡೂ ಪಕ್ಕದಲ್ಲಿ ಬೆರಳಿನ ಗುರುತು ಕಪ್ಪಾಗಿ ಕೂತಿತ್ತು. ಬೈರಮ್ಮ ಬಹಳ ಹೊತ್ತು ಆ ಬಾಯನ್ನೇ ನೋಡಿದಳು. ಆಮೇಲೆ ಎದ್ದು ಅಳಿಯನ ಕಡೆ ತಿರುಗಿದಳು.

"ಪದ ಊರೆಲ್ಲ ಕೇಳ್ಯದೆ. ನನ್ ಮಗ್ಳೊಬ್ಳೇ ಯಾಕ್ ಸತ್ಲು? ತಾನಾಗೆ ಕುಡ್ದೋಳ ಅಲ್ಲು ಯಾಕ್ಲಾ ಮುರೀತದೆ? ಬಾಯಿಗೆ ಸೀಸೆ ತುರುಕ್ದೋನು ನೀನು ಕಣ್ಲಾ!"

ಕೆಳಗಿಳಿದು ಟ್ರೈಲರಿನಿಂದ ಒಂದು ಸೌದೆ ಸೆಳೆದು ಅವನ ಮುಖಕ್ಕೆ ಬೀಸಿದಳು. ಮೂಗು ಒಡೆದು ಅವನು ಅಂಗಾತ ಬಿದ್ದ. ಎರಡನೆಯ ಏಟು ಭುಜಕ್ಕೆ ಬಿತ್ತು. ಮೂರನೆಯದಕ್ಕೆ ಎತ್ತಿದ್ದಳು, ಕೃಷ್ಣಮೂರ್ತಿಯನ್ನು ಅಮುಕಿದ್ದ ಅದೇ ನಾಲ್ಕು ಜನ ಬಂದು ಅವಳ ಕೈ ಹಿಡಿದುಕೊಂಡರು. ಥೂ! ಹೆಣದ ಮುಖ ಅವರೂ ನೋಡಿದ್ದರು. ಹಾಡಿದವನಿಗೆ ಒದೆಯಲು ಎದ್ದ ಕೈ ಕೊಂದವನ ಮೇಲೆ ಏಳಲಿಲ್ಲ, ಅವನು ಊರಿನವನಲ್ಲವೇ!

"ಎಣ ಎತ್ರುಲಾ! ಬ್ಯಾಗ ಎತ್ತಿ!" ಎಂದು ಶಿವಲಿಂಗಯ್ಯ ಕೂಗಿದ. ಹೇಮಶ್ರೀಯನ್ನು ಸೌದೆಯ ಮೇಲೆ ಎಸೆದರು. ಹೌದು, ಎಸೆದರು. ಟ್ರಾಕ್ಟರು ಗುಡುಗಿತು. ಸುಟ್ಟುಬಿಟ್ಟರೆ ಆ ಹಲ್ಲಿಲ್ಲ, ಆ ಬೆರಳಿನ ಗುರುತಿಲ್ಲ, ಕೇಸಿಲ್ಲ. ಬೈರಮ್ಮ ಹಿಡಿದವನ ಕೈ ಕಚ್ಚುತ್ತ ಚೀರಿದಳು.

ನಾನು ತೆವಳಿಕೊಂಡು ಜೀಪು ಹತ್ತಿ, ಸ್ಟಾರ್ಟ್ ಮಾಡಿ ಬೀದಿಗೆ ಅಡ್ಡ ನಿಲ್ಲಿಸಿದೆ. ಕೀಲಿ ಕಿತ್ತು ಚರಂಡಿಗೆ ಎಸೆದೆ. ಗಾಜು ಒಡೆದರು. ಒಳಗೆ ಕೈ ಹಾಕಿ ನನ್ನನ್ನು ಎಳೆದರು, ತೋಳು ಲಟಕ್ಕೆಂದಿತು. ಟ್ರಾಕ್ಟರು ಜೀಪಿಗೆ ಗುದ್ದಿ ತಳ್ಳತೊಡಗಿದಾಗ ಕೃಷ್ಣಮೂರ್ತಿ ಎದ್ದ. ಹೇಗೆ ಎದ್ದನೋ ಆ ಶಿವನೇ ಬಲ್ಲ. ತೂರಾಡಿಕೊಂಡು ಬಂದು ಟ್ರಾಕ್ಟರಿನ ಮುಂದಿನ ಗಾಲಿ ತಬ್ಬಿ ಮಲಗಿಬಿಟ್ಟ. ಬೆನ್ನ ಮೇಲೆ ದೊಣ್ಣೆ ಬೀಳುತ್ತಲೇ ಇತ್ತು, ಅವನು ಬಿಡಲಿಲ್ಲ. ಅವನ ಮೇಲೆ ಗಾಲಿ ಹತ್ತಿಸಲು ಡ್ರೈವರಿಗೆ ಧೈರ್ಯ ಬರಲಿಲ್ಲ. ಎಂಜಿನ್ ಆರಿಸಿ ಹೊಲಕ್ಕೆ ಓಡಿಹೋದ.

ಹಾಲಿನ ವ್ಯಾನಿನ ಹಿಂದೆ ಪೊಲೀಸರು ಬಂದಾಗ ಬೀದಿಯಲ್ಲಿ ಆ ಅಪ್ಪ ಮಗನನ್ನು ಬಿಟ್ಟರೆ ಊರಿನ ಒಂದು ನರಪಿಳ್ಳೆಯೂ ಇರಲಿಲ್ಲ. ಓಡಲಾಗದೆ ಮೂಗು ಹಿಡಿದು ಕೂತಿದ್ದ ಚಲುವರಾಜುವನ್ನೂ ಅವನಪ್ಪನನ್ನೂ ಪೊಲೀಸು ವ್ಯಾನಿಗೆ ತುಂಬಿದರು. ಬೈರಮ್ಮ ಟ್ರೈಲರಿನ ಮೇಲೆ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೃಷ್ಣಮೂರ್ತಿ ಗಾಲಿ ಬಿಟ್ಟು ಅವಳ ಕಾಲ ಹತ್ತಿರ ಬಂದ. ಮಾತು ಹೊರಡದ ಬಾಯಲ್ಲಿ ಹೇಗೋ ಹೇಳಿದ: "ತಪ್ಪಾಯ್ತು ಕಣವ್ವ. ಸತ್ತ ಮನೆ ಮುಂದೆ ಹಾಡ್ಬುಟ್ಟೆ."

ಬೈರಮ್ಮ ಅವನ ಮುಖದ ರಕ್ತವನ್ನು ಸೆರಗಿನಿಂದ ಒರೆಸಿದಳು.

"ನೀನು ಬರ್ದೇ ಇದ್ದಿದ್ರೆ ಇಷ್ಟೊತ್ಗೆ ಇವ್ಳು ಬೂದಿ ಆಗಿರೋಳು ಕಣಪ್ಪ. ನಿನ್ನ ಒಡೀತಾ ನಿಂತ್ಕಂಡ್ರಲ್ಲ, ಅದ್ಕೇ ನಂಗೆ ಮಗ್ಳ ಮುಖ ಸಿಕ್ತು."

ಅಷ್ಟು ಏಟಿಗೂ ಅಳದವನು ಆಗ ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ.