ಮೊದಲ ಸಾಲಿನ ದೋಷ

ಕಪ್ಪು ಪರದೆಯ ಎಡತುದಿಯಲ್ಲಿ ಕರ್ಸರ್ ಮಿಟುಕುತ್ತಿತ್ತು. ಅದರ ಮೇಲ್ಗಡೆ ಕೆಂಪಕ್ಷರದಲ್ಲಿ ಒಂದೇ ದೂರು: ಮೊದಲ ಸಾಲಿನಲ್ಲಿ ದೋಷ. ನಮ್ಮೂರಿನ ಗ್ರಂಥಾಲಯವನ್ನು ನೆನೆದಾಗಲೆಲ್ಲ ಪುಸ್ತಕಗಳಿಗಿಂತ ಮೊದಲು ಆ ಮಿಟುಕೇ ಕಣ್ಣಿಗೆ ಕಟ್ಟುತ್ತದೆ.

ಅಲ್ಲಿನ ಪುಸ್ತಕಗಳ ವಿವರವನ್ನೆಲ್ಲ ವರ್ಷಗಟ್ಟಲೆ ಕೂತು ಕಂಪ್ಯೂಟರಿಗೆ ಏರಿಸಿದವರು ಇಂದುಮತಿ ಮೇಡಂ. ಅದನ್ನು ಹೊಸ ಡೇಟಾಬೇಸಿಗೆ ಸಾಗಿಸುವ ಸ್ಕ್ರಿಪ್ಟನ್ನೂ, ಅಂದರೆ ಯಂತ್ರ ಸಾಲುಸಾಲಾಗಿ ಪಾಲಿಸುವ ಆದೇಶಗಳ ಫೈಲನ್ನೂ, ಅವರೇ ಕಲಿತು ಬರೆದಿದ್ದರು. ಮೇಲಧಿಕಾರಿ ನಾಗಭೂಷಣರಿಗೆ ಮಾತ್ರ ನಂಬಿಕೆಯಿರಲಿಲ್ಲ. "ಸಂಜೆಯೊಳಗೆ ಓಡಿದ್ರೆ ಸರಿ. ಇಲ್ದಿದ್ರೆ ಕೆಲಸ ಹೊರಗಿನವರಿಗೆ ಕೊಡ್ತೀನಿ, ನೀವು ನಾಳೆಯಿಂದ ಬ್ಯಾಗ್ ಇಡೋ ಕೌಂಟರಿಗೆ ಹೋಗಿ" ಎಂದು ಹೇಳಿಹೋಗಿದ್ದರು.

ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ಮೇಡಂ ಪಕ್ಕದ ಕುರ್ಚಿಯವನು. ಇಬ್ಬರೂ ಆ ಸಾಲನ್ನು ಓದಿ ಓದಿ ಸುಸ್ತಾದೆವು. ತಪ್ಪೇ ಇರಲಿಲ್ಲ. ಅಳಿಸಿ ಹೊಸದಾಗಿ ಬರೆದರೂ ಅದೇ ರಾಗ.

"ನನ್ನ ಗ್ರಹಚಾರ ಕಣಪ್ಪ, ಬ್ಯಾಗ್ ಕಾಯೋದೇ ಬರೆದಿದೆ." ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಫೈಲನ್ನು ಬೇರೊಂದು ಎಡಿಟರ್ ತಂತ್ರಾಂಶದಲ್ಲಿ ತೆರೆದು ಬಾಣದ ಕೀಲಿ ಒತ್ತಿದೆ. ಮಿಟುಕುವ ಕರ್ಸರ್ ಕದಲಲಿಲ್ಲ. ಇನ್ನೊಮ್ಮೆ ಒತ್ತಿದ ಮೇಲೆ ಮೊದಲ ಅಕ್ಷರ ದಾಟಿತು. ಅಂದರೆ ಅದಕ್ಕೂ ಮುಂಚೆ ಕಣ್ಣಿಗೆ ಕಾಣದ ಏನೋ ಒಂದು ಕೂತಿತ್ತು.

"ಮೇಡಂ, ಇದರಲ್ಲಿ ಕನ್ನಡ ಏನಾದ್ರೂ ಹಾಕಿದ್ರಾ?"

ಅವರು ಸಂಕೋಚದಿಂದ ನಕ್ಕರು. "ಮೇಲ್ಗಡೆ ಒಂದು ಶ್ರೀ ಹಾಕ್ದೆ ನಾನು ಏನೂ ಶುರು ಮಾಡಲ್ಲಪ್ಪ. ಆದ್ರೆ ಸೇವ್ ಮಾಡಿ, ಕೈಮುಗಿದು, ಆಮೇಲೆ ಅಳಿಸಿಬಿಡ್ತೀನಲ್ಲ. ಯಂತ್ರಕ್ಕೆ ಯಾಕೆ ತೊಂದ್ರೆ ಅಂತ."

ಕನ್ನಡ ಅಕ್ಷರ ಬಂದಕೂಡಲೇ ಫೈಲಿನ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಉಳಿಸಿಡುವ ಕ್ರಮ, ಬದಲಾಗಿ, ಅದರ ನೆತ್ತಿಯ ಮೇಲೆ ಒಂದು ಗುಪ್ತ ಗುರುತು ಬಿದ್ದಿತ್ತು. ಶ್ರೀ ಹೋದರೂ ಗುರುತು ಹೋಗಿರಲಿಲ್ಲ. ಡೇಟಾಬೇಸ್ ಅದನ್ನು ಓದಲಾರದೆ ಮುಗ್ಗರಿಸುತ್ತಿತ್ತು. ಇದನ್ನು ಹೇಳಿದರೆ ಮೇಡಂ ನೊಂದುಕೊಳ್ಳುತ್ತಾರೆಂದು ಹೆದರಿದ್ದೆ. ಆದರೆ ಹೇಳಿದ ಕೂಡಲೇ ಅವರ ಮುಖ ಅರಳಿತು.

"ಅಳಿಸಿದ್ರೂ ಹೋಗಿರ್ಲಿಲ್ವಾ? ನೋಡ್ದ್ಯಾ, ಎಷ್ಟು ಗಟ್ಟಿ ಇದೆ."

ಗುರುತು ತೆಗೆದೆ, ಸ್ಕ್ರಿಪ್ಟ್ ಓಡಿತು. ಪುಸ್ತಕಗಳ ಹೆಸರುಗಳು ಸಾಲುಸಾಲಾಗಿ ಪರದೆ ತುಂಬಿದವು. ನಾಗಭೂಷಣರು ಬಂದು ನೋಡಿ, "ಸರಿ, ಇಲ್ಲೇ ಮುಂದುವರಿಸಿ" ಎಂದರು. ಕೌಂಟರಿನ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ಮೇಡಂ ಹೊಸ ಫೈಲ್ ತೆರೆಯುವ ಮುನ್ನ ನಮ್ಮಿಬ್ಬರ ಮೇಜಿನ ಹಲಗೆಯ ಮೇಲೆ ತೋರುಬೆರಳಿನಿಂದ ಶ್ರೀ ಎಂದು ಬರೆದು ಕೈಮುಗಿದರು. ಅಲ್ಲಿ ಏನೂ ಮೂಡಲಿಲ್ಲ. ದೇವರು ದಿಂಡರೆಂದರೆ ನಗುವವನು ನಾನು. ಆದರೂ ಟೀ ಬಂದಾಗ ಲೋಟವನ್ನು ಆ ಜಾಗದ ಮೇಲಿಡಲು ಮನಸ್ಸಾಗದೆ, ಆರುವವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದೆ.