ಶಟಲ್ಲಿನ ಮೊನೆ

ಸಾಗರದ ಪೇಟೆ ಮುಗಿದು ಸೊರಬದ ರಸ್ತೆ ಶುರುವಾಗುವ ಕಡೆ ಹುಲಿಯಪ್ಪನ ಅಂಗಡಿ. ಹಲಗೆಯ ಬಾಗಿಲು, ಒಂದು ಮೇಜು, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಚಕ್ರಗಳು, ಹ್ಯಾಂಡಲ್ಲುಗಳು, ಅಷ್ಟೆ. ಪ್ರಾಯದಲ್ಲಿ ಹುಬ್ಬಳ್ಳಿಗೆ ಹೋಗಿ ಹೊಲಿಗೆ ಮಿಷನ್ನಿನ ರಿಪೇರಿ ಕಲಿತು ಬಂದವನು. ಸಾಗರದವರಿರಲಿ, ಹೊಸನಗರ, ತೀರ್ಥಹಳ್ಳಿಯ ದರ್ಜಿಗಳೂ ಮಿಷನ್ ಕೆಟ್ಟರೆ ಅವನನ್ನೇ ಕಾಯುತ್ತಿದ್ದರು. ಮಾತು ಕಡಿಮೆ, ಆಡಿದ್ದು ನೇರ. ಆಗದ ಮಿಷನ್ನನ್ನು ಆಗುವುದಿಲ್ಲವೆಂದೇ ಹೇಳಿ ಕಳಿಸುತ್ತಿದ್ದ.

ಅರವತ್ತೆರಡನೆಯ ಇಸವಿ, ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ಬೆಳಗಿನ ಬಸ್ಸಿಳಿದು ಒಬ್ಬ ರೈತ ಗೋಣಿಚೀಲದಲ್ಲಿ ಸುತ್ತಿದ ಭಾರವನ್ನು ತಲೆಯ ಮೇಲೆ ಹೊತ್ತು ಬಂದು ಬಾಗಿಲಲ್ಲಿ ನಿಂತ. ಐವತ್ತರ ಆಸುಪಾಸು. ಗಡ್ಡ ಬೆಳೆದಿತ್ತು. ಹುಲಿಯಪ್ಪನೇ ಎದ್ದು ಹೋಗಿ ಭಾರಕ್ಕೆ ಕೈಕೊಟ್ಟು ಇಳಿಸಿದ.

ಚೀಲ ಬಿಚ್ಚಿದರೆ ಹಳೆಯ ಕೈಮಿಷನ್ನು. ಮೈಮೇಲಿನ ಚಿನ್ನದ ಬಣ್ಣದ ಹೂಬಳ್ಳಿ ಅಂಗೈ ತಾಗುವ ಕಡೆಯಲ್ಲೆಲ್ಲ ಅಳಿಸಿತ್ತು. ಹ್ಯಾಂಡಲ್ಲಿನ ಮರದ ಹಿಡಿ ಕೈಬೆವರಿಗೆ ನುಣುಪಾಗಿ ಹೊಳೆಯುತ್ತಿತ್ತು.

"ಎಂತ ಆಗಿದೆ?" ಎಂದು ಕೇಳಿದ ಹುಲಿಯಪ್ಪ.

"ಹೊಲಿಗೆ ಬಿಡ್ತದಂತೆ. ನಾಲ್ಕು ಹಾಕಿದ್ರೆ ಎರಡು ಕೂರ್ತದೆ, ಎರಡು ಬಿಟ್ಟೋಗ್ತದೆ ಅಂತಿದ್ಲು ಮಗಳು. ನಂಗೆ ಇದ್ರದ್ದು ಏನೂ ತಿಳಿಯಲ್ಲ."

ಹುಲಿಯಪ್ಪ ಸೂಜಿಯ ಕೆಳಗಿನ ತಗಡನ್ನು ಸರಿಸಿ ಶಟಲ್ಲನ್ನು ಹೊರತೆಗೆದ. ಅಡಿನೂಲು ತುಂಬಿಕೊಂಡು ಹಿಂದೆ ಮುಂದೆ ಓಡುವ, ಪುಟ್ಟ ದೋಣಿಯಂತಹ ಉಕ್ಕಿನ ತುಂಡು ಅದು. ಅದರ ಮೊನೆಯ ಮೇಲೆ ಹೆಬ್ಬೆರಳಾಡಿಸಿದ. ಮೊನೆ ಸವೆದು ಮೊಂಡಾಗಿತ್ತು. ಸೂಜಿ ಕೆಳಗಿಳಿದಾಗ ನೂಲಿನ ಕುಣಿಕೆಯನ್ನು ಹಿಡಿಯಬೇಕಾದದ್ದು ಆ ಮೊನೆಯೇ. ಅದು ತಪ್ಪಿದರೆ ಹೊಲಿಗೆ ಬಿಡುತ್ತದೆ. ಸಾಣೆಕಲ್ಲಿನ ಮೇಲೆ ಎಣ್ಣೆ ಬಿಟ್ಟು ತೀಡಿದರೆ ಅರ್ಧ ಗಂಟೆಯ ಕೆಲಸ. ಕೂತಿರಿ, ಈಗಲೇ ಮಾಡಿ ಕೊಡ್ತೀನಿ ಎನ್ನಲು ಅವನು ತಲೆಯೆತ್ತಿದ.

ಅಷ್ಟರಲ್ಲಿ ಆ ರೈತನೇ ಶುರುಮಾಡಿದ್ದ. "ಮಗಳು ತೀರ್ಥಹಳ್ಳೀಲಿ ನನ್ನ ತಂಗಿ ಮಾಸ್ತಮ್ಮನ ಮನೇಲಿದ್ದು ಹೊಲಿಗೆ ಕಲ್ತಿದ್ಲು. ವಾಪಸ್ ಬರುವಾಗ ಅತ್ತೇನೇ ಕೊಟ್ಟು ಕಳಿಸಿದ್ದು ಇದು. ಊರಿನ ಹೆಂಗಸ್ರ ರವಿಕೆ ಎಲ್ಲ ಅವಳೇ ಹೊಲಿಯೋದು. ದಸರಾಕ್ಕೇ ಕೆಟ್ಟಿತ್ತು. ಅಪ್ಪಾ, ಸಾಗರಕ್ಕೆ ತಗೊಂಡೋಗು ಅಂದ್ಲು. ದೀಪಾವಳಿ ಕಳೀಲಿ ಅಂದೆ. ಆಮೇಲೆ ಕೊಯ್ಲು ಬಂತು. ಒಕ್ಕಲು ಮುಗೀಲಿ ಅಂದೆ."

ಅವನು ತೋಳಿನಿಂದ ಬಾಯೊರೆಸಿಕೊಂಡ.

"ಮಿಷನ್ ಇದ್ದಿದ್ರೆ ಮನೇಲಿ ಕೂತು ಹೊಲೀತಿದ್ಲು. ಕೈ ಖಾಲಿ ಅಂತ ಕೊಟ್ಟಿಗೆಗೆ ಹಾಸೋಕೆ ಉದುರಿದ ದರಕೆಲೆ ಗುಡಿಸಿ ತರ್ತೀನಿ ಅಂತ ಕಾಡಿಗೆ ಹೋದ್ಲು. ಒಂದು ದಿನ ಅಲ್ಲ, ಎಂಟು ದಿನ ಹೋದ್ಲು. ಅಲ್ಲಿ ಮಂಗ ಸತ್ತು ಬಿದ್ದಿತ್ತಂತೆ. ಜ್ವರ ಬಂತು. ಹನ್ನೊಂದನೇ ದಿನಕ್ಕೆ ಮುಗೀತು."

ಮುಂದಿನದನ್ನು ಹುಲಿಯಪ್ಪನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಐದು ವರ್ಷದಿಂದ ಸಾಗರ, ಸೊರಬದ ಕಾಡಂಚಿನ ಊರುಗಳಲ್ಲಿ ಚಳಿಗಾಲ ಬಂತೆಂದರೆ ಮಂಗನ ಕಾಯಿಲೆ. ಒಣಗಿದೆಲೆಯೊಳಗಿನ ಉಣುಗು ಹುಳ ಕಚ್ಚಿದರೆ ಬರುತ್ತದೆಂದು ಸರ್ಕಾರದವರು ಹೇಳಿ ಹೋಗಿದ್ದರು. ಹೇಳಿದರೂ ಕೊಟ್ಟಿಗೆಗೆ ಎಲೆ ಬೇಕಲ್ಲ.

"ಹೆಸ್ರು?" ಎಂದ.

"ಶರಾವತಿ. ಹತ್ತೊಂಬತ್ತು ನಡೀತಿತ್ತು. ನಾನು ಬೆಳ್ಳಪ್ಪ." ಮಿಷನ್ನಿನ ಕಡೆ ಕೈತೋರಿಸಿದ. "ಹುಂಚದ ಕಡೆಯ ನಂಟರದ್ದು ಮೂರು ರವಿಕೆ ಕತ್ತರಿಸಿ ಇಟ್ಟಿದ್ಲು. ಬೇರೆಯವ್ರ ಬಟ್ಟೆ, ಹಾಗೇ ವಾಪಸ್ ಕೊಡೋಕಾಗಲ್ಲ. ಹೆಂಡತಿ ಮಗಳ ಕೈಲಿ ಅಷ್ಟಿಷ್ಟು ಕಲ್ತಿದ್ದಾಳೆ, ಹೊಲಿದು ಕೊಡ್ತೀನಿ ಅಂತಾಳೆ. ಅದಕ್ಕೇ ತಂದೆ."

ಹುಲಿಯಪ್ಪ ಶಟಲ್ಲನ್ನು ಮುಷ್ಟಿಯೊಳಗೆ ಹಿಡಿದುಕೊಂಡೇ ಇದ್ದ. ಬೆಳ್ಳಪ್ಪ ಮೇಜಿನ ಹತ್ತಿರ ಬಂದ. ಅವನು ಏನನ್ನೋ ಕೇಳುವುದಕ್ಕೇ ಇಷ್ಟು ದೂರ ಬಂದದ್ದೆಂದು ಹುಲಿಯಪ್ಪನಿಗೆ ಆಗ ಹೊಳೆಯಿತು.

"ಒಂದು ಮಾತು ಹೇಳಿ ಮಾರಾಯ್ರೆ. ನಾನು ದಸರಾದಾಗಲೇ ತಂದಿದ್ರೆ, ಕೂಡಲೇ ಆಗ್ತಿತ್ತಾ ಇದು?"

ಹೊರಗೆ ಎತ್ತಿನಗಾಡಿಯೊಂದು ಹೋಯಿತು. ಹುಲಿಯಪ್ಪ ಶಟಲ್ಲನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಎಣ್ಣೆಯ ಬಟ್ಟೆ ಎಳೆದ.

"ಇಲ್ಲ," ಎಂದ. "ಆಗ್ತಿರ್ಲಿಲ್ಲ. ಸೂಜಿ ಹಿಡಿಯೋ ಕಂಬಿ ಇದೆಯಲ್ಲ, ಅದು ಸವೆದಿದೆ. ಹಳೇ ಮಿಷನ್ನು, ಅದ್ರ ಸಾಮಾನು ನಮ್ಮ ಕಡೆ ಸಿಗಲ್ಲ. ಬೊಂಬಾಯಿಗೆ ಬರೆದು ತರಿಸ್ಬೇಕು. ಬೇರೆಯವ್ರಿಗೆ ಅಂತ ನಾನು ಆಷಾಢದಲ್ಲಿ ಬರೆದದ್ದು, ಹೋದ ವಾರ ಬಂತು, ಅದನ್ನೇ ಇದಕ್ಕೆ ಹಾಕ್ತೀನಿ. ನೀವು ದಸರಾಕ್ಕೆ ತಂದಿದ್ರೂ ಇಲ್ಲೇ ಈ ಮೂಲೇಲಿ ಬಿದ್ದಿರ್ತಿತ್ತು."

ಬೆಳ್ಳಪ್ಪ ಬಾಗಿಲಿಗೆ ಹೋಗಿ ರಸ್ತೆಯ ಕಡೆ ಮುಖಮಾಡಿ ಹೊಸ್ತಿಲ ಮೇಲೆ ಕೂತ. ಅತ್ತನೋ ಇಲ್ಲವೋ, ಬೆನ್ನು ಮಾತ್ರ ಕಾಣುತ್ತಿತ್ತು. ಎದ್ದಾಗ "ಹಾಗಾದ್ರೆ ಅವಳು ಹೋಗೋದು ಹೋಗೋದೇ ಆಗಿತ್ತು," ಎಂದ. ಬರುವ ವಾರ ಬರುತ್ತೇನೆಂದು ಹೇಳಿ ಖಾಲಿ ಗೋಣಿಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದ.

ಆ ಮಧ್ಯಾಹ್ನ ಹುಲಿಯಪ್ಪ ಶಟಲ್ಲಿನ ಮೊನೆ ತೀಡಿದ. ಅರ್ಧ ಗಂಟೆಯೂ ಬೇಕಾಗಲಿಲ್ಲ. ಬಟ್ಟೆಯ ಚೂರೊಂದನ್ನಿಟ್ಟು ಹ್ಯಾಂಡಲ್ ತಿರುಗಿಸಿದರೆ ಒಂದಾದ ಮೇಲೊಂದು ಹೊಲಿಗೆ ಸಾಲಾಗಿ ಕೂತವು. ಕೆಲಸ ಸರಿಯಾದಾಗ ಯಾವಾಗಲೂ ಆಗುವ ಸಮಾಧಾನ ಅವತ್ತು ಆಗಲಿಲ್ಲ. ಇಷ್ಟೇನಾ, ಇಷ್ಟಕ್ಕೇನಾ ಎಂದುಕೊಂಡ.

ಮರುದಿನ ಬೇರೆ ಕೆಲಸಗಳನ್ನು ಬದಿಗಿಟ್ಟು ಆ ಮಿಷನ್ನನ್ನು ಪೂರ್ತಿ ಬಿಚ್ಚಿದ. ಆಡಿದ ಸುಳ್ಳಿಗೆ ಒಂದಿಷ್ಟಾದರೂ ನಿಜ ಸೇರಿಸಬೇಕೆಂದಿತ್ತೋ ಏನೋ. ಸೂಜಿಯ ಕಂಬಿ ನಿಜಕ್ಕೂ ಕೂದಲೆಳೆಯಷ್ಟು ಸವೆದು ಅಲುಗಾಡುತ್ತಿತ್ತು. ಹಿತ್ತಾಳೆಯ ತೆಳು ತಗಡು ಸುತ್ತಿ ಬಿಗಿಮಾಡಿದ. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳು ಮೊಂಡಾಗಿದ್ದವು. ಮೂರು ಮೂಲೆಯ ಅರದಿಂದ ಒಂದೊಂದೇ ಹಲ್ಲನ್ನು ಆಳಮಾಡಿದ. ನೂಲು ಬಿಗಿಯುವ ಸ್ಪ್ರಿಂಗು ಬದಲಿಸಿದ. ಹಲ್ಲುಗಳ ಅಡಿಯಲ್ಲಿ ಬಟ್ಟೆಯ ಜೂಲು ಮುದ್ದೆಯಾಗಿ ಕೂತಿತ್ತು, ಕೆಂಪು, ಹಸುರು, ಒಂದೆರಡು ಎಳೆ ಜರಿಯೂ. ಬೇರೆ ಮಿಷನ್ನಾದರೆ ಉಫ್ ಎಂದು ಊದಿ ಹಾರಿಸುತ್ತಿದ್ದ. ಇದನ್ನು ಚಿಮಟದಲ್ಲಿ ಹಿಡಿದು ತೆಗೆದು, ಎಲ್ಲಿ ಹಾಕುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತ. ಕೊನೆಗೆ ಹಿತ್ತಿಲ ದಾಸವಾಳದ ಬುಡದಲ್ಲಿ ಇಟ್ಟು ಬಂದ.

ಹೇಳಿದ ದಿನ ಬೆಳ್ಳಪ್ಪ ಬಂದ. ಜೊತೆಗೆ ಹೆಂಡತಿ ಕೆರಿಯಮ್ಮನೂ. ಬೆಳ್ಳಪ್ಪ ಗಡ್ಡ ಹೆರೆಸಿದ್ದ, ಮುಖದಲ್ಲಿ ಸ್ವಲ್ಪ ಕಳೆಯಿತ್ತು. "ನೀವು ಹೇಳಿದ್ಮೇಲೆ ಎರಡು ತುತ್ತು ಗಂಟಲಲ್ಲಿ ಇಳೀತಾ ಇದೆ," ಎಂದ. ಎತ್ತಿಗೆ ಹಗ್ಗ ತರಬೇಕು, ಬಂದೆ ಎಂದು ಹೆಂಡತಿಯನ್ನು ಕೂರಿಸಿ ಪೇಟೆಗೆ ಹೋದ.

ಕೆರಿಯಮ್ಮ ಕೂರಲಿಲ್ಲ. ಗಂಡ ಮರೆಯಾಗುವವರೆಗೆ ರಸ್ತೆ ನೋಡುತ್ತ ನಿಂತು, ಆಮೇಲೆ ಈ ಕಡೆ ತಿರುಗಿದಳು.

"ಬೊಂಬಾಯಿಂದ ಏನೂ ಬರ್ಬೇಕಿರ್ಲಿಲ್ಲ ಅಲ್ವಾ?"

ಹುಲಿಯಪ್ಪ ಎಣ್ಣೆಯ ಬಟ್ಟೆಯಲ್ಲಿ ಕೈಯೊರೆಸಿಕೊಂಡ. "ಕಂಬಿ ಸವೆದಿತ್ತಮ್ಮ."

"ನನ್ನ ಮಗಳಿಗೆ ಆ ಮಿಷನ್ ಗೊತ್ತಿತ್ತು. ಶಟಲ್ ತುದಿ ಮೊಂಡಾಗಿದೆ ಅಮ್ಮಾ, ತೀಡಿ ಕೊಟ್ರೆ ಸಾಕು, ಹೋದ ಬಸ್ಸಲ್ಲೇ ವಾಪಸ್ ಬರ್ಬಹುದು ಅಂದಿದ್ಲು. ನಂಗೆ ಹೇಳಿದ್ದು, ಅವ್ರಿಗಲ್ಲ. ಅಪ್ಪಂಗೆ ತಗಾದೆ ಮಾಡ್ಬೇಡ, ಕೆಲಸ ಜಾಸ್ತಿ ಅವರಿಗೆ ಅಂತಿದ್ಲು." ಅವಳ ದನಿ ಏರಲಿಲ್ಲ. "ಅವಳು ಹೋದಾಗಿಂದ ಆ ಮಾತು ಬಾಯಲ್ಲಿಟ್ಕೊಂಡು ಕೂತಿದೀನಿ. ಇವತ್ತು ಹೇಳ್ಬೇಕು, ನಾಳೆ ಹೇಳ್ಬೇಕು ಅಂತ. ಅವ್ರೂ ಸುಡ್ಲಿ ನನ್ನ ಹಾಗೆ ಅಂತ. ಅಷ್ಟರಲ್ಲಿ ಇಲ್ಲಿಂದ ಬಂದು ಬೊಂಬಾಯಿ ಕಥೆ ಹೇಳಿ, ಊಟ ಮಾಡಿ, ಮಲಗಿದ್ರು. ಎರಡು ತಿಂಗಳಲ್ಲಿ ಅದೇ ಮೊದಲು ಅವ್ರು ಮಲಗಿದ್ದು. ಇನ್ನು ನಾನು ಹೇಗೆ ಹೇಳ್ಲಿ? ನೀವು ನನ್ನ ಬಾಯಿ ಕಟ್ಟಿಬಿಟ್ರಿ."

ತಾನು ಒಬ್ಬನ ಭಾರ ಇಳಿಸಿದೆನೆಂದುಕೊಂಡಿದ್ದ ಹುಲಿಯಪ್ಪ. ಅದು ಇನ್ನೊಬ್ಬಳ ತಲೆಗೆ ಹೋಗಿ ಕೂತೀತೆಂದು ಅವನಿಗೆ ಹೊಳೆದಿರಲಿಲ್ಲ.

"ನಂಗೊಬ್ಬಳಿಗಾದ್ರೂ ನಿಜ ಹೇಳಿ," ಎಂದಳು ಕೆರಿಯಮ್ಮ. "ಎಷ್ಟು ಹೊತ್ತು ಹಿಡೀತು?"

"ಅರ್ಧ ಗಂಟೆ ಅಮ್ಮ," ಎಂದ ಹುಲಿಯಪ್ಪ. "ಅದಕ್ಕಿಂತ ಕಡಿಮೆ."

ಅವಳು ತಲೆಯಾಡಿಸಿದಳು. ಮೇಜಿನ ಪಕ್ಕ ನೆಲದ ಮೇಲೆ ಕೂತಳು. "ದರಕಿಗೆ ಹೋಗು ಅಂದದ್ದು ನಾನು," ಎಂದಳು. "ಅವಳಾಗೇ ಹೋದದ್ದಲ್ಲ. ಸುಮ್ನೆ ಯಾಕೆ ಕೂತಿದೀಯ, ಕೊಟ್ಟಿಗೆ ಹಸಿಯಾಗಿದೆ ಅಂದೆ. ಅವ್ರಿಗೆ ಅದೂ ಗೊತ್ತಿಲ್ಲ." ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಹುಲಿಯಪ್ಪ ಬಾಗಿಲ ಹಲಗೆಯನ್ನು ಅರ್ಧ ಮುಂದೆಳೆದು, ರಸ್ತೆಯವರಿಗೆ ಕಾಣದಂತೆ ಅಡ್ಡ ನಿಂತ. ಸಮಾಧಾನ ಹೇಳಲಿಲ್ಲ. ಒಮ್ಮೆ ಹೇಳಿ ಆಗಿತ್ತಲ್ಲ.

ಅಳು ನಿಂತಾಗ ಹೂಜಿಯಿಂದ ನೀರು ಕೊಟ್ಟ. ಅವಳು ಕುಡಿದು ಮುಖ ತೊಳೆದುಕೊಂಡು "ನೂಲು ಅವಳೇ ಹಾಕಿ ಕೊಡ್ತಿದ್ಲು, ಅದು ಹೇಗೆ ತೋರ್ಸಿ," ಎಂದಳು. ಅವನು ಶಟಲ್ಲಿಗೆ ಅಡಿನೂಲಿನ ಬಾಬಿನ್ ಕೂರಿಸುವುದು, ನೂಲನ್ನು ಸ್ಪ್ರಿಂಗಿನ ಅಡಿಗೆ ಎಳೆಯುವುದು, ಸೂಜಿಗೆ ಯಾವ ಕಡೆಯಿಂದ ಪೋಣಿಸುವುದು, ಎಲ್ಲವನ್ನೂ ಎರಡೆರಡು ಸಲ ತೋರಿಸಿದ. ಅವಳು ಹ್ಯಾಂಡಲ್ ಹಿಡಿದಳು. ಮೊದಲ ಸಾಲು ಹಾವಿನ ಹಾಗೆ ಹೋಯಿತು. ಎರಡನೆಯದು ಪರವಾಗಿಲ್ಲ ಎನ್ನುವಂತಿತ್ತು. ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ ಬೆಳ್ಳಪ್ಪ ಅದನ್ನು ನೋಡಿ, "ಬೊಂಬಾಯಿ ಮಾಲು ಅಂದ್ರೆ ಬೊಂಬಾಯಿ ಮಾಲೇ," ಎಂದ. ಕೆರಿಯಮ್ಮ ತಲೆಯೆತ್ತದೆ "ಹೌದು," ಎಂದಳು.

ಮರುವರ್ಷ ಮಳೆ ಹಿಡಿಯುವ ಮೊದಲು ಅವಳೊಬ್ಬಳೇ ಅಂಗಡಿಗೆ ಬಂದಳು. ಸೂಜಿ ಮುರಿದಿತ್ತು. ಹುಂಚದ ಮೂರು ರವಿಕೆಗಳನ್ನು ತಾನೇ ಹೊಲಿದು, ತಾನೇ ಹೋಗಿ ಕೊಟ್ಟು ಬಂದೆ ಎಂದಳು. ಈಗ ಊರಿನವರದೂ ಹೊಲಿಯುತ್ತಿದ್ದಳು. ಬೆಳ್ಳಪ್ಪ ಗಟ್ಟಿಯಾಗಿದ್ದಾನೆ, ಕಂಡಕಂಡವರಿಗೆಲ್ಲ ಬೊಂಬಾಯಿಯ ಕಂಬಿಯ ಸುದ್ದಿ ಹೇಳುತ್ತಾನೆ ಎಂದಳು.

ಹುಲಿಯಪ್ಪ ಸೂಜಿಗಳನ್ನು ಕಾಗದದಲ್ಲಿ ಸುತ್ತುತ್ತಾ ಅವಳ ಮುಖ ನೋಡದೆ ಕೇಳಿದ. "ನೀವು ಹೇಳಿದ್ರಾ ಅವ್ರಿಗೆ?"

"ಇಲ್ಲ. ಒಂದೊಂದು ದಿನ ಗಂಟಲ ತನಕ ಬರ್ತದೆ. ಆಗ ಎದ್ದು ಹೋಗಿ ಹೊಲಿಯೋಕೆ ಕೂರ್ತೀನಿ."

ಅವಳು ಪೊಟ್ಟಣವನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು, ಬಾಗಿಲಿಗೆ ಒರಗಿಸಿದ್ದ ಕೊಡೆ ಎತ್ತಿಕೊಂಡು, ಬಸ್ಸಿನ ಕಡೆ ನಡೆದಳು.