ಸಾಸಿವೆಗಿಂತ ಚಿಕ್ಕ ಕಣ್ಣು

ಏನೋ ಅಲುಗಿತು, ಬೇಲಿಯ ಮುಳ್ಳುಪೊದೆಯ ಎಡಗಡೆ, ಮಂಜಿನೊಳಗೆ ಮಂಜಿಗಿಂತ ಒಂದಿಷ್ಟು ಕಂದಾಗಿ — ಎಲೆಯಿರಬೇಕು, ಅಲ್ಲ, ಎಲೆ ಅಲುಗಿ ಸುಮ್ಮನಾಗುತ್ತದೆ, ಇದು ನಿಂತು ನೋಡಿತು, ನೋಡಿತು ಎಂದರೆ ಕಣ್ಣಿದೆ, ಕಣ್ಣಿದ್ದರೆ ಅದಕ್ಕೊಂದು ಬಣ್ಣವಿದೆ, ಅವಳಿಗೆ ಬೇಕಾಗಿರುವುದು ಅದೊಂದೇ, ಸಾಸಿವೆಗಿಂತ ಚಿಕ್ಕದಾದ ಒಂದು ಕಣ್ಣಿನ ಬಣ್ಣ, ಅದೂ ಹನ್ನೊಂದರೊಳಗೆ, ಹನ್ನೊಂದಕ್ಕೆ ಮುದ್ರಣಾಲಯದವನು ಬಂದು ಪುಸ್ತಕಕ್ಕೆ ಬಾಕಿಯಿರುವ ಒಂದೇ ಚಿತ್ರವನ್ನು ಒಯ್ಯುತ್ತಾನೆ, ಈಗ ಒಂಬತ್ತು ದಾಟಿದೆ — ಹೋಯಿತು, ಎಲೆಯೇ, ಎಪ್ಪತ್ತೊಂದರ ಕಣ್ಣು ಎಲೆಗೂ ಹಕ್ಕಿಗೂ ಮದುವೆ ಮಾಡಿಸುತ್ತದೆ. ಮೇಜಿನ ಮೇಲೆ ಇಪ್ಪತ್ತೇಳನೆಯ ಚಿತ್ರ ಮುಗಿದೇ ಇದೆ, ಕಣ್ಣೊಂದು ಬಿಟ್ಟು, ಆ ಜಾಗದಲ್ಲಿ ಬರೀ ಬಿಳಿ ಕಾಗದ, ಮೂರು ವಾರದಿಂದ ಹಕ್ಕಿ ಕೊಂಬೆಯ ಮೇಲೆ ಕುರುಡಾಗಿ ಕೂತಿದೆ, ಆದರೆ ಮೈ ಹೇಗೆ ಬಂದಿದೆ, ತಾನೇ ಹೇಳಿಕೊಳ್ಳಬಾರದು, ಹೇಳಿಕೊಂಡರೆ ಇಲ್ಲಿ ಕೇಳುವವರಾರು, ಚೆನ್ನಾಗಿ ಬಂದಿದೆ, ಚಳಿಗೆ ಗರಿಯೆಲ್ಲ ಉಬ್ಬಿಸಿಕೊಂಡು ಕುತ್ತಿಗೆಯೇ ಇಲ್ಲದ ಚೆಂಡಾಗಿದೆ. ನಲವತ್ತೇಳು ವರ್ಷದ ಹಿಂದಿನ ಮೊದಲ ಮುದ್ರಣದಲ್ಲಿ ಎಲ್ಲವೂ ಸಪೂರ, ವಸ್ತುಸಂಗ್ರಹಾಲಯದ ಸತ್ತ ಹಕ್ಕಿಗಳನ್ನು ನೋಡಿ ಬರೆದದ್ದು, ಅಲ್ಲ ಕಣೇ ಅಕ್ಕ, ನಿನ್ನ ಹಕ್ಕಿಗಳಿಗೆ ಯಾರೂ ಊಟ ಹಾಕಲ್ವಾ, ಎಲ್ಲ ಪರೀಕ್ಷೆಗೆ ಓದ್ತಿರೋ ಮಕ್ಕಳ ಥರ ಇದಾವಲ್ಲ, ಎಂದಿದ್ದಳು ತಂಗಿ, ಆಗ ಸಿಟ್ಟು ಬಂದಿತ್ತು, ಆದರೆ ಮಾತು ನಿಜ, ಅದಕ್ಕೇ ಈ ಎರಡು ಚಳಿಗಾಲ ಇದೇ ಕಿಟಕಿಯಲ್ಲಿ ಕಂಬಳಿ ಹೊದ್ದು ಕೂತು, ಬದುಕಿರುವ ಹಕ್ಕಿಗಳನ್ನು ನೋಡಿ, ಮೂವತ್ತು ಚಿತ್ರಗಳನ್ನೂ ಹೊಸದಾಗಿ ಬರೆದಳು, ನಡುಗುವ ಕೈಯಲ್ಲಿ, ಮೊದಲು ಹೆದರಿದ್ದಳು, ಆಮೇಲೆ ನೋಡಿದರೆ ಗರಿಯ ಅಂಚಿಗೆ ಬೇಕಿದ್ದದ್ದು ಆ ನಡುಕವೇ, ಗಟ್ಟಿ ಕೈಗೆ ಇಡೀ ಸರ್ವೀಸಿನಲ್ಲಿ ಸಿಗದ ಮೃದುತನ ಈಗ ಸಿಕ್ಕಿತು. ಎಲ್ಲ ಸರಿಹೋಗುತ್ತಿತ್ತು, ಆ ಕಾಗದವೊಂದು ಬರದಿದ್ದರೆ, ಬಸ್ ಡಿಪೋದ ಕಾವಲುಗಾರನ ಕಾಗದ, ಮೇಡಂ ತಪ್ಪು ತಿಳೀಬೇಡಿ, ನಿಮ್ಮ ಪುಸ್ತಕ ನೋಡೇ ನಾನು ಹಕ್ಕಿ ಗುರ್ತು ಹಿಡಿಯೋದು ಕಲ್ತಿದ್ದು, ಆದ್ರೆ ಇಪ್ಪತ್ತೇಳನೇ ಚಿತ್ರದ ಕಣ್ಣು ಕಂದಲ್ಲ, ಹಳದಿ, ನಮ್ಮ ಡಿಪೋ ಬೇಲೀಲಿ ದಿನಾ ನೋಡ್ತೀನಿ. ಎರಡು ದಿನ ಅವಳ ಮೈಯೆಲ್ಲ ಉರಿಯಿತು, ಮೂರನೆಯ ದಿನ ಲಕೋಟೆಯಲ್ಲಿ ಇನ್ನೊಂದು ಲಕೋಟೆ ಸಿಕ್ಕಿತು, ಅಂಚೆಚೀಟಿ ಹಚ್ಚಿ, ತನ್ನ ವಿಳಾಸ ತಾನೇ ದುಂಡಗೆ ಬರೆದು, ಉತ್ತರ ಬರೆಯಲು ಅವಳಿಗೆ ತೊಂದರೆಯಾಗದಿರಲಿ ಎಂದು, ಅಂಥವನ ಮೇಲೆ ಎಷ್ಟು ದಿನ ಕೋಪ ನಿಲ್ಲುತ್ತದೆ. ಫೋನು ಮಾಡಿದರೆ ಪುಸ್ತಕದ ಸಂಪಾದಕ ನಕ್ಕ, ಅಯ್ಯೋ ಅದಕ್ಕೇನಂತೆ, ಒಂದು ಚುಕ್ಕೆ ಹಳದಿ ಇಟ್ಬಿಡಿ, ಕೆಳಗೆ ನಾವೊಂದು ಸಾಲು ಹಾಕ್ತೀವಿ, ಸಂಗ್ರಹಾಲಯದಲ್ಲಿ ಹಕ್ಕಿ ಕಾಲಿಗೆ ಕಟ್ಟಿದ್ದ ಹಳೇ ಚೀಟಿ ತಪ್ಪಾಗಿತ್ತು ಅಂತ, ಆ ಮುದುಕ ಕನ್ನಡಕ ಎಲ್ಲಿ ಮರೆತು ಬರೆದಿದ್ನೋ ಏನೋ. ಆ ಮುದುಕ. ಆ ಮುದುಕನಂತೆ.

ಹತ್ತಿಯಣ್ಣ. ಸತ್ತ ಹಕ್ಕಿಯ ಚರ್ಮದೊಳಗೆ ಹತ್ತಿ ತುಂಬಿ ಹೊಲಿಯುವುದು ಅವರ ಕೆಲಸ, ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಹತ್ತಿಯಣ್ಣ, ಸಂಗ್ರಹಾಲಯದ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಮರದ ಸೆಳೆಖಾನೆ, ಎಳೆದರೆ ಸಾಲಾಗಿ ಸತ್ತ ಹಕ್ಕಿಗಳು, ನುಸಿಗುಳಿಗೆಯ ವಾಸನೆ, ಚಿತ್ರ ಬರೆಯಲು ಹೊಸದಾಗಿ ಸೇರಿದ ಇಪ್ಪತ್ತಮೂರರ ಹುಡುಗಿ ಅವಳು, ಕಲ್ಲಿನ ನೆಲದ ಚಳಿ ಕಾಲಿನಿಂದ ಮೊಣಕಾಲಿಗೆ ಹತ್ತುತ್ತಿತ್ತು, ಎರಡನೆಯ ದಿನ ಬಂದು ನೋಡಿದರೆ ಅವಳ ಸ್ಟೂಲಿನ ಕೆಳಗೆ ನಾಲ್ಕು ಮಡಿಕೆಯ ಗೋಣಿಚೀಲ, ಬಣ್ಣದ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು, ಯಾರಿಟ್ಟರು ಎಂದು ಕೇಳಿದರೆ ಅವರು ಸೂಜಿಗೆ ದಾರ ಪೋಣಿಸುತ್ತಲೇ, ಇಲಿ ಇರಬೇಕಮ್ಮ, ಎಂದರು. ಚಳಿಗಾಲದ ಒಂದು ಬೆಳಿಗ್ಗೆ ತೋಟದವನು ಕರವಸ್ತ್ರದಲ್ಲಿ ಒಂದು ಪುಟ್ಟ ಹಕ್ಕಿಯನ್ನು ತಂದ, ಮೆಟ್ಟಿಲ ಮೇಲಿನ ಗಾಜಿಗೆ ಬಡಿದು ಬಿದ್ದದ್ದು, ಇನ್ನೂ ಬಿಸಿಯಾಗಿತ್ತು, ಹತ್ತಿಯಣ್ಣ ಅದನ್ನು ಕಸಿದುಕೊಂಡು, ಆ ಕುಂಟುಗಾಲಲ್ಲಿ, ಕಿಟಕಿಯ ಬೆಳಕಿಗೆ ಓಡಿದರು, ಹೆಬ್ಬೆರಳಿನಿಂದ ರೆಪ್ಪೆ ಸರಿಸಿದರು, ನೋಡಿದರು, ಅವಳಿಗೂ ತೋರಿಸಿದರೋ ಇಲ್ಲವೋ, ಅವಳು ಬಾಗಿಲ ಹತ್ತಿರವಿದ್ದಳು, ಚೀಟಿಯಲ್ಲಿ ಕಣ್ಣು ಕಂದು ಎಂದು ಬರೆದು ಹಕ್ಕಿಯ ಕಾಲಿಗೆ ಕಟ್ಟಿ, ಆಮೇಲೆಯೇ ಕೂತು ಏದುಸಿರು ಬಿಟ್ಟದ್ದು, ಮೊದ್ಲು ಸಾಯೋದು ಕಣ್ಣಿನ ಬಣ್ಣ ಕಣಮ್ಮ, ಗರಿ ನೂರು ವರ್ಷ ಇರುತ್ತೆ, ಕಣ್ಣು ಒಂದು ಗಂಟೆ. ಮಧ್ಯಾಹ್ನದ ಹೊತ್ತಿಗೆ ಆ ಜಾಗದಲ್ಲಿ ಬಿಳಿ ಹತ್ತಿ, ಅವಳು ಚೀಟಿ ನೋಡಿ ಕಂದು ಇಟ್ಟಳು, ಅದೇ ಇಪ್ಪತ್ತೇಳನೆಯ ಚಿತ್ರ. ಹತ್ತಿಯಣ್ಣ ಸುಳ್ಳು ಬರೆದವರಲ್ಲ, ಕೈಗೆ ಬರುವ ಮೊದಲೇ ಕಣ್ಣು ಮಾಸಿದ್ದರೆ ಚೀಟಿಯಲ್ಲಿ ಕಂಡಿಲ್ಲ ಎಂದು ಬರೆಯುತ್ತಿದ್ದರು, ನಿರ್ದೇಶಕರು ಒಮ್ಮೆ ರೇಗಿದರು, ಏನ್ರಿ ಇದು, ಸಾಲಾಗಿ ಹನ್ನೆರಡು ಚೀಟಿ ಕಂಡಿಲ್ಲ ಕಂಡಿಲ್ಲ ಅಂತ, ಕಣ್ಣಿದ್ದೂ ಕಾಣಲ್ವಾ ನಿಮಗೆ, ಅವರು ತಣ್ಣಗೆ, ಕಾಣದ್ದನ್ನ ಕಂಡಿಲ್ಲ ಅನ್ನೋಕೆ ನಾಚ್ಕೆ ಯಾಕೆ ಸಾರ್. ಅವರು ಹೋಗಿ ಇಪ್ಪತ್ತು ವರ್ಷವಾಯಿತು, ಅವರ ಪರವಾಗಿ ಮಾತಾಡಲು ಭೂಮಿಯ ಮೇಲೆ ಇರುವವಳು ಇವಳೊಬ್ಬಳು, ಇವಳ ಹತ್ತಿರ ಇರುವುದು ಒಂದು ಕುಂಚ. ಹಳದಿ ಎನ್ನುವ ಕಾವಲುಗಾರ ಸುಳ್ಳನಲ್ಲ, ಕಂದು ಎಂದವರೂ ಅಲ್ಲ, ತಾನು ಕಂಡೇ ಇಡಬೇಕು, ಹಕ್ಕಿ ಬರದಿದ್ದರೆ ಕಣ್ಣಿನ ಜಾಗ ಬಿಳಿಯಾಗಿಯೇ ಹೋಗಲಿ, ಕೆಳಗೆ ಕಂಡಿಲ್ಲ ಎಂದು ಅಚ್ಚಾಗಲಿ, ಜನ ನಗಲಿ, ನಿನ್ ಜಂಭಕ್ಕೊಂದು ಮ್ಯೂಸಿಯಂ ಕಟ್ಟಿಸ್ಬೇಕು ಎಂದಳು ತಂಗಿ, ಕಟ್ಟಿಸಲಿ, ಜಂಭವೇ, ಕೂಡಿಟ್ಟ ಜಂಭ, ಕಳ್ಳಮಾಲಲ್ಲ.

ಹತ್ತಾಯಿತು, ಮಂಜು ಹರಿಯುತ್ತಿದೆ, ಬಟ್ಟಲ ನೀರು ಮತ್ತೆ ತಣ್ಣಗೆ, ಈ ಹವೆಯಲ್ಲಿ ಬಣ್ಣ ಒಣಗುವುದೇ ಇಲ್ಲ, ಕಾಗದವನ್ನು ಕೆನ್ನೆಗೆ ತಾಗಿಸಿ ನೋಡಬೇಕು, ಒದ್ದೆಯೋ ಬರೀ ಚಳಿಯೋ ಎಂದು — ಇದೇನು, ಈವತ್ತು ಅಡುಗೆಮನೆಯ ಬಾಗಿಲು ಕಿರ್ ಎನ್ನಲೇ ಇಲ್ಲವಲ್ಲ, ತಂಗಿ ಮೂರು ಸಲ ಓಡಾಡಿದಳು, ಕೀಲಿನ ಕೆಳಗೆ ನೆಲದ ಮೇಲೆ ಎಣ್ಣೆಯ ಎರಡು ಹನಿ, ಬೈಯುತ್ತಲೇ ಎಣ್ಣೆ ಬಿಟ್ಟಿದ್ದಾಳೆ, ಹಕ್ಕಿ ಬೆದರದಿರಲಿ ಎಂದು, ಪಕ್ಕದ ಮನೆಯ ದರ್ಜಿಯೂ ಸ್ಕೂಟರನ್ನು ಬೀದಿಯ ಮೂಲೆಯವರೆಗೆ ತಳ್ಳಿಕೊಂಡೇ ಹೋಗಿ ಸ್ಟಾರ್ಟ್ ಮಾಡಿದ, ಅವನಿಗಾರು ಹೇಳಿದರು, ಇಲಿ ಇರಬೇಕು — ಬಂತು. ಬಂತು, ಎಲೆಯಲ್ಲ, ಮುಳ್ಳಿನ ತುದಿಯ ಕೆಂಪು ಹಣ್ಣಿನ ಪಕ್ಕ, ಚೆಂಡು, ಕುತ್ತಿಗೆಯಿಲ್ಲ, ಬೆನ್ನು ತೋರಿಸಬೇಡವೋ ಮಾರಾಯ, ತಿರುಗು, ಬಿಸಿಲಿನ ಒಂದು ಎಳೆ ಬೇಲಿಗೆ ಬಿತ್ತು, ತಿರುಗಿತು, ಹಳದಿ. ಹೊಸ ಹಿತ್ತಾಳೆಯ ಹಳದಿ. ಎದೆ ಒಮ್ಮೆ ಕುಣಿಯಿತು, ಮರುಕ್ಷಣ ಕುಸಿಯಿತು, ಕಾವಲುಗಾರ ಗೆದ್ದ, ಗೆಲ್ಲಲಿ ಪಾಪ, ಹಾಗಾದರೆ ಹತ್ತಿಯಣ್ಣ, ಆ ಕಿಟಕಿ, ಆ ಓಟ, ಏನು ಕಂಡಿರಿ ನೀವು, ಕುಂಚದ ತುದಿಗೆ ಹಳದಿ ಬಂದಿದೆ, ಅವಳು ಇಟ್ಟಳು, ಕಂಡದ್ದನ್ನು ಇಡಲೇಬೇಕು, ಕೈ ಎತ್ತಿ ಮತ್ತೆ ಹೊರಗೆ ನೋಡಿದರೆ ಒಂದಲ್ಲ, ಎರಡು. ಪಕ್ಕಕ್ಕೆ ಇನ್ನೊಂದು ಬಂದು ಕೂತಿದೆ, ಅದೇ ಬೂದು ಗಂಟಲು, ಅದೇ ಗಾತ್ರ, ಹಣ್ಣು ಕೀಳಲು ಹೋಗಿ ಮುಳ್ಳಿಗೆ ಮೂತಿ ತಾಗಿಸಿಕೊಂಡಿತು, ಹಳದಿಗಣ್ಣಿನದು ಹೇಗೆ ಕಿತ್ತಿತೋ ನೋಡಿ ಹಾಗೇ ಕಿತ್ತಿತು, ರೆಕ್ಕೆಯ ಗರಿಗಳಿಗೆ ಮಾಸಲು ಕೆನೆಬಣ್ಣದ ಅಂಚು, ಆ ಅಂಚು, ಆ ಅಂಚನ್ನು ಎಲ್ಲೋ — ಹಳೆಯ ಪುಸ್ತಕ, ಎಲ್ಲಿದೆ, ಇಲ್ಲೇ, ಇಪ್ಪತ್ತೇಳು, ಇದೆ, ಒಂದೊಂದು ಗರಿಗೂ ಕೂದಲೆಳೆಯ ಕೆನೆ ಅಂಚು, ಯಾಕೆಂದು ತಿಳಿಯದೆ, ಸೆಳೆಖಾನೆಯ ಹಕ್ಕಿಗೆ ಇತ್ತು ಎಂಬ ಒಂದೇ ಕಾರಣಕ್ಕೆ, ಒಂದನ್ನೂ ಬಿಡದೆ ಬರೆದಿದ್ದಾಳೆ ಆ ಇಪ್ಪತ್ತಮೂರರ ಹುಡುಗಿ. ಮಗು ಅದು, ಕೆನೆ ಅಂಚು ಮರಿಗರಿಯ ಗುರುತು. ಗಾಜು ಎಂದರೇನೆಂದು ಅರಿಯದ, ಮೊದಲ ಚಳಿಗಾಲದ ಮರಿ, ಮಗುವನ್ನು ಬರೆದು ಇಷ್ಟು ವರ್ಷ ದೊಡ್ಡವರೆಂದು ಅಚ್ಚು ಹಾಕಿದ್ದೆವು. ಹಾಗಾದರೆ ಇದರ ಕಣ್ಣು, ಒಂದು ಸಲ, ಒಂದೇ ಸಲ ತಿರುಗು ಕಂದ — ತಿರುಗಿತು. ಕಂದು.

ಮುದ್ರಣಾಲಯದವನ ದನಿ ಬಾಗಿಲಲ್ಲಿ, ಮೇಡಂ ಆಯ್ತಾ, ತಂಗಿಯ ಪಿಸುದನಿ, ಶ್, ಕೂತ್ಕೊಳಪ್ಪ, ಚಹಾ ಕುಡಿ, ಅಕ್ಕ ಕಣ್ಣು ಇಡ್ತಿದ್ದಾಳೆ, ಯಾವ ಕಣ್ಣು, ನಿನ್ನದಲ್ಲ ಸುಮ್ನಿರು, ಕೊಂಬೆಯ ತುದಿ ಖಾಲಿಯಿದೆ, ಯಾಕೋ ಖಾಲಿ ಬಿಟ್ಟಿದ್ದಳು, ಅಲ್ಲಿ ಸಾಕಷ್ಟು ಜಾಗವಿದೆ ಒಂದು ಮರಿಗೆ, ಬೂದು, ಮೇಲೆ ಕಂದು, ಕೈ ನಡುಗಲಿ, ನಡುಗಿದಷ್ಟೂ ಗರಿ, ಕೆನೆ ಅಂಚು ಒಂದೊಂದೂ, ಚೀಟಿ ತಪ್ಪಿತ್ತು ಎಂಬ ಸಾಲು ಇನ್ನು ಯಾವ ಪುಸ್ತಕದಲ್ಲೂ ಬರುವುದಿಲ್ಲ, ಕಾವಲುಗಾರನ ಲಕೋಟೆಗೆ ನಾಳೆ ಉತ್ತರ, ನೀವೂ ಸರಿ, ಅವರೂ ಸರಿ, ಮರಿಯ ಕಣ್ಣು ಕಂದು, ಬೆಳೆದ ಮೇಲೆ ಹಳದಿ, ಬಟ್ಟಲ ನೀರು ಬೆಚ್ಚಗಾಗಿದೆ, ಯಾರು ಬದಲಿಸಿದರು, ಯಾವಾಗ, ಈಗ ಕಣ್ಣು, ಉಸಿರು ಹಿಡಿ, ಒಂದು ಚುಕ್ಕೆ, ನಡುವೆ ಸೂಜಿಮೊನೆಯಷ್ಟು ಕಾಗದದ ಬಿಳುಪು ಉಳಿಯಬೇಕು, ಉಳಿಯಿತು, ಹತ್ತಿಯಣ್ಣನ ಹೆಬ್ಬೆರಳು ರೆಪ್ಪೆ ಸರಿಸುತ್ತದೆ, ಕಿಟಕಿಯ ಬೆಳಕು ಬೀಳುತ್ತದೆ, ತೆರೆಯಿತು, ಸಾಸಿವೆಗಿಂತ ಚಿಕ್ಕದು, ಹತ್ತಿಯಲ್ಲ, ಚೀಟಿಯಲ್ಲ, ಅವಳನ್ನೇ ನೋಡುತ್ತಿದೆ, ಕಂದು, ಒದ್ದೆ ಕಂದು, ಕಂದು —